ಡುಲುತ್‌ನ ‘ವಿಲಿಯಂ ಎ. ಅರ್ವಿನ್’: ಗಟ್ಟಿಮುಟ್ಟಾದ ಅದಿರು ಹಡಗು ನಲವತ್ತು ವರ್ಷಕ್ಕೇ ನಿವೃತ್ತಿಯಾದದ್ದೇಕೆ?

ಪ್ರಶ್ನೆ: ಮಲ್ಲೇಶ್ವರದ ಓದುಗ

ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆಂದು ಮಿನ್ನಿಯಾಪೊಲಿಸ್‌ಗೆ ಬಂದಿರುವ ನಾನು ಈಚೆಗೆ ಡುಲುತ್ ನಗರಕ್ಕೆ ಹೋಗಿದ್ದಾಗ, ಅಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿರುವ ‘ವಿಲಿಯಂ ಎ. ಅರ್ವಿನ್’ ಎಂಬ ಹಳೆಯ ಅದಿರು ಹಡಗನ್ನು ನೋಡಿದೆ. ಸುಪೀರಿಯರ್ ಸರೋವರದ ಪಶ್ಚಿಮ ತುದಿಯಿಂದ ಕಬ್ಬಿಣದ ಅದಿರನ್ನು ಹೊತ್ತು ಕೆಳಗಿನ ಸರೋವರಗಳ ದಡದಲ್ಲಿರುವ ಉಕ್ಕಿನ ಕಾರ್ಖಾನೆಗಳಿಗೆ ತಲುಪಿಸುತ್ತಿದ್ದ ಈ ಹಡಗು 1938ರಿಂದ 1978ರವರೆಗೆ ದುಡಿದಿದೆ. ನೋಡಿ ಬಂದ ಮೇಲೆ ಕೆಲವು ಸಂದೇಹಗಳು ಉಳಿದುಕೊಂಡಿದ್ದು, ಬಲ್ಲವರು ಪರಿಹರಿಸಿಯಾರೆಂಬ ನಂಬಿಕೆಯಿಂದ ಇಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದು ಅದರ ಆಕಾರಕ್ಕೆ ಸಂಬಂಧಿಸಿದ್ದು. ಮಂಗಳೂರು, ಮುಂಬಯಿಗಳಲ್ಲಿ ನಾನು ಕಂಡ ಸರಕು ಹಡಗುಗಳಲ್ಲಿ ಕಪ್ತಾನನ ಕೋಣೆಯೂ ಎಂಜಿನ್ನೂ ಹಿಂಭಾಗದಲ್ಲಿ ಒಟ್ಟಿಗೇ ಇರುತ್ತವೆ. ಇಲ್ಲಿ ಚುಕ್ಕಾಣಿ ಕೋಣೆ ಹಡಗಿನ ಮೂತಿಯ ಮೇಲೇ ಕುಳಿತಿದೆ, ಎಂಜಿನ್ ಬಾಲದ ಕಡೆಗಿದೆ, ನಡುವೆ ಸುಮಾರು 400 ಅಡಿಗಳಷ್ಟು ಉದ್ದಕ್ಕೆ, ಒಡಲಿಗೆ ಸರಕು ತುಂಬುವ ಹ್ಯಾಚ್ ಬಾಗಿಲುಗಳ ಸಾಲನ್ನು ಬಿಟ್ಟರೆ ಏನೂ ಇಲ್ಲ. ಒಟ್ಟು ಉದ್ದ 610 ಅಡಿಯಾದರೆ ಅಗಲ ಬರೀ 60 ಅಡಿ. ಇಷ್ಟು ಸಪೂರವಾಗಿ ಕಟ್ಟಲು ಕಾರಣವೇನು?

ಎರಡನೆಯದು, ಸರೋವರದ ನೀರು ಉಪ್ಪಲ್ಲವಾದ್ದರಿಂದ ಇಲ್ಲಿನ ಹಡಗುಗಳು ನೂರು ವರ್ಷ ಬಾಳುತ್ತವೆ ಎಂದು ಮಾರ್ಗದರ್ಶಕರೇ ಹೇಳಿದರು. ಹಾಗಿದ್ದರೆ ಒಂದು ಕಾಲದಲ್ಲಿ ಕಂಪನಿಯ ಪ್ರಧಾನ ಹಡಗೆನಿಸಿಕೊಂಡಿದ್ದ ಇದನ್ನು ನಲವತ್ತೇ ವರ್ಷಕ್ಕೆ ಮೂಲೆಗೆ ತಳ್ಳಿದ್ದು ಏಕೆ?

ಮೂರನೆಯದು ಪ್ರಶ್ನೆಗಿಂತ ಹೆಚ್ಚಾಗಿ ಅಸಮಾಧಾನ. ಅತಿಥಿಗಳಿಗಾಗಿ ಮಾಡಿದ ಸಿಂಗಾರದ ಕೋಣೆಗಳ ಮುಂದೆ ಮಾರ್ಗದರ್ಶಕರು ಬಹಳ ಹೊತ್ತು ನಿಲ್ಲಿಸಿದರು, ಅದಿರು ತುಂಬುತ್ತಿದ್ದ ಒಡಲನ್ನು ಮಾತ್ರ ಬೇಗ ದಾಟಿಸಿಬಿಟ್ಟರು. ಅಕ್ಟೋಬರ್ ಬಂತೆಂದರೆ ಇದೇ ಹಡಗನ್ನು ದೆವ್ವದ ಮನೆಯನ್ನಾಗಿ ಮಾಡಿ ಟಿಕೆಟ್ ಮಾರುತ್ತಾರಂತೆ. ದುಡಿಮೆಯ ಹಡಗೊಂದನ್ನು ಉಳಿಸಿಕೊಳ್ಳುವ ರೀತಿ ಇದೇ ಏನು?

ಉತ್ತರ: ಸುಪೀರಿಯರ್ ತೀರವಾಸಿ

ಮಾನ್ಯರೇ, ನಿಮ್ಮ ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ, ಅದು ಹಡಗಿನಲ್ಲಿಲ್ಲ, ಅದಿರು ತುಂಬುವ ಮತ್ತು ಇಳಿಸುವ ಧಕ್ಕೆಗಳಲ್ಲಿದೆ. ಮಹಾಸರೋವರಗಳ ಹಡಗನ್ನು ಬಿಡಿಯಾಗಿ ನೋಡಿದರೆ ಅದರ ಅಳತೆಗಳು ವಿಚಿತ್ರವಾಗಿಯೇ ಕಾಣುತ್ತವೆ. ಗಣಿಯಿಂದ ಕುಲುಮೆಯವರೆಗಿನ ಸಾಲಿನಲ್ಲಿ ಅದನ್ನು ಇಟ್ಟು ನೋಡಿದಾಗ ಒಂದೊಂದು ಅಡಿಗೂ ಕಾರಣ ಸಿಗುತ್ತದೆ.

ಮಿನ್ನೆಸೋಟದ ಗಣಿಪ್ರದೇಶವಾದ ಮೆಸಾಬಿ ಬೆಟ್ಟಸಾಲಿನಿಂದ ರೈಲಿನಲ್ಲಿ ಬಂದ ಅದಿರು ಡುಲುತ್ ಮತ್ತು ಟೂ ಹಾರ್ಬರ್ಸ್ ಬಂದರುಗಳಲ್ಲಿ ನೀರಿನೊಳಕ್ಕೆ ಚಾಚಿರುವ ಬಹಳ ಎತ್ತರದ ಧಕ್ಕೆಗಳ ನೆತ್ತಿಗೆ ಏರುತ್ತಿತ್ತು. ರೈಲುಡಬ್ಬಿಗಳ ಅಡಿಬಾಗಿಲು ತೆರೆದರೆ ಅದಿರು ಧಕ್ಕೆಯೊಳಗಿನ ಗೂಡುಗಳಿಗೆ ಬೀಳುತ್ತಿತ್ತು, ಗೂಡಿನ ಬಾಯಿಗೆ ಕಟ್ಟಿದ ಜಾರುದೋಣಿಯನ್ನು ಕೆಳಗಿಳಿಸಿದರೆ ತನ್ನ ಭಾರಕ್ಕೆ ತಾನೇ ಹಡಗಿನ ಒಡಲು ಸೇರುತ್ತಿತ್ತು. ಈ ಜಾರುದೋಣಿಗಳು 12 ಅಡಿಗೊಂದರಂತೆ ಕದಲದೆ ನಿಂತಿದ್ದವು. ಆದ್ದರಿಂದ ಹಡಗಿನ ಹ್ಯಾಚುಗಳೇ ಅವಕ್ಕೆ ಹೊಂದಿಕೊಳ್ಳಬೇಕಾಯಿತು. 1869ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕಟ್ಟಿದ ‘ಆರ್. ಜೆ. ಹ್ಯಾಕೆಟ್’ ಎಂಬ ಮರದ ಹಡಗು 24 ಅಡಿಗೊಂದು ಹ್ಯಾಚ್ ಇಟ್ಟು, ಚುಕ್ಕಾಣಿ ಕೋಣೆಯನ್ನು ಮುಂತುದಿಗೂ ಎಂಜಿನ್ನನ್ನು ಹಿಂತುದಿಗೂ ಸರಿಸಿ, ನಡುವಣ ಜಾಗವನ್ನೆಲ್ಲ ಸರಕಿಗೆ ಬಿಟ್ಟುಕೊಟ್ಟಿತು. ಅದರ ಉದ್ದ 211 ಅಡಿ. ಮುಂದಿನ ನೂರು ವರ್ಷ ಉದ್ದ ಬೆಳೆಯುತ್ತ ಹೋಯಿತು, ಮರ ಹೋಗಿ ಕಬ್ಬಿಣವೂ ಆಮೇಲೆ ಉಕ್ಕೂ ಬಂದವು, ಆದರೆ ವಿನ್ಯಾಸದ ಮೂಲಸೂತ್ರ ಬದಲಾಗಲಿಲ್ಲ. ಚುಕ್ಕಾಣಿ ಮುಂದಿದ್ದರೆ ಇಕ್ಕಟ್ಟಾದ ನದಿಭಾಗಗಳಲ್ಲಿ ಕಪ್ತಾನನಿಗೆ ದಾರಿ ಚೆನ್ನಾಗಿ ಕಾಣುತ್ತದೆ ಎಂಬ ಅನುಕೂಲವೂ ಇತ್ತು.

ಸಪೂರವಾಗಿರಲು ಕಾರಣ ಸೂ ಸೇಂಟ್ ಮೇರಿಯ ಲಾಕ್‌ಗಳು. ಸುಪೀರಿಯರ್ ಸರೋವರದ ನೀರಿನ ಮಟ್ಟ ಹ್ಯೂರಾನ್ ಸರೋವರಕ್ಕಿಂತ ಸುಮಾರು 21 ಅಡಿ ಮೇಲಿದ್ದು, ನಡುವಣ ಸೇಂಟ್ ಮೇರೀಸ್ ನದಿಯ ಇಳಿಜಾರನ್ನು ಹಡಗುಗಳು ನೇರವಾಗಿ ದಾಟಲಾರವು. ಎರಡು ಬಾಗಿಲುಗಳ ನಡುವೆ ಹಡಗನ್ನು ನಿಲ್ಲಿಸಿ ನೀರು ತುಂಬಿಸಿ ಏರಿಸುವ, ನೀರು ಬಿಟ್ಟು ಇಳಿಸುವ ಮೊದಲ ಲಾಕ್ ಅಲ್ಲಿ 1855ರಲ್ಲೇ ತೆರೆಯಿತು. ಹಡಗು ಎಷ್ಟು ದೊಡ್ಡದಾಗಬಹುದೆಂಬುದನ್ನು ಅಂದಿನಿಂದ ಇಂದಿನವರೆಗೆ ತೀರ್ಮಾನಿಸುತ್ತ ಬಂದಿರುವುದು ಆ ಲಾಕ್‌ಗಳು ಮತ್ತು ಸರೋವರಗಳನ್ನು ಕೂಡಿಸುವ ನದಿಗಳ ಆಳ. ಆಳ ಹೆಚ್ಚಿಸಲು ಬಾರದು, ಅಗಲಕ್ಕೆ ಮಿತಿ ಇದೆ, ಉಳಿದದ್ದು ಉದ್ದ.

ಇನ್ನು ಇಳಿಸುವ ಕಡೆಗೆ ಬನ್ನಿ. ತುಂಬಲು ಗುರುತ್ವಾಕರ್ಷಣೆ ಸಾಕಾದರೆ ಇಳಿಸಲು ಅದೇ ಎದುರಾಳಿ. ಹಿಂದೆ ಕೂಲಿಕಾರರು ಒಡಲಿಗಿಳಿದು ಸಲಿಕೆಯಿಂದ ಅದಿರನ್ನು ಬಕೆಟ್ಟುಗಳಿಗೆ ತುಂಬಿ ಮೇಲಕ್ಕೆ ಕಳಿಸಬೇಕಿತ್ತು. ಓಹಿಯೊದ ಜಾರ್ಜ್ ಹ್ಯೂಲೆಟ್ ಎಂಬವರು ರೂಪಿಸಿದ ದೈತ್ಯ ಯಂತ್ರ 1899ರಲ್ಲಿ ಕಾನಿಯಾಟ್ ಬಂದರಿನಲ್ಲಿ ಕೆಲಸಕ್ಕೆ ನಿಂತ ಮೇಲೆ ಆ ಪದ್ಧತಿ ಮೂಲೆ ಸೇರಿತು. ಏತದ ಹಾಗೆ ಮೇಲೆ ಕೆಳಗೆ ತೂಗುವ ತೊಲೆ, ಅದರ ತುದಿಯಿಂದ ನೇರ ಕೆಳಗಿಳಿದ ಉಕ್ಕಿನ ಕಾಲು, ಕಾಲಿನ ಕೊನೆಗೆ ಒಂದು ಹಿಡಿತಕ್ಕೆ ಹತ್ತು ಟನ್ ಕಚ್ಚಿ ತರುವ ಬಾಯಿ. ಮುಂದೆ ಬಂದ ಯಂತ್ರಗಳ ಬಾಯಿಗೆ 17 ಟನ್ ಹಿಡಿಯುತ್ತಿತ್ತು. ಅದನ್ನು ನಡೆಸುವವನು ಎಲ್ಲೋ ದೂರದ ಗೂಡಿನಲ್ಲಿರದೆ ಆ ಕಾಲಿನೊಳಗೇ, ಬಾಯಿಗೆ ತುಸು ಮೇಲೆ ಕುಳಿತು, ಒಂದೊಂದು ಹಿಡಿತಕ್ಕೂ ಅದರ ಜೊತೆಯಲ್ಲೇ ಹಡಗಿನ ಒಡಲಿಗಿಳಿದು ಮೇಲೇರುತ್ತಿದ್ದ. ಸರದಿ ಮುಗಿಯುವವರೆಗೂ ಅವನ ಕೆಲಸ ಈ ಏರಿಳಿತವೇ. ಇಂಥ ಯಂತ್ರದ ಕಾಲು ಅಡ್ಡಾದಿಡ್ಡಿ ತಿರುಗಬೇಕಾದರೆ ಒಡಲಲ್ಲಿ ಕಂಬಗಳಿರಬಾರದು. 1904ರ ‘ಆಗಸ್ಟಸ್ ಬಿ. ವುಲ್ವಿನ್’ ಕಂಬಗಳನ್ನೆಲ್ಲ ತೆಗೆದು, ಗೋಡೆಗಳನ್ನು ಒಳಮುಖವಾಗಿ ಓರೆ ಮಾಡಿ, ಅದಿರು ತಾನಾಗಿ ನಡುವಿಗೆ ಸರಿಯುವಂತೆ ಒಡಲನ್ನು ಕಟ್ಟಿ ದಾರಿ ತೋರಿಸಿತು. ನೀವು ಅರ್ವಿನ್‌ನಲ್ಲಿ ಕಂಡ ಖಾಲಿ ಒಡಲು ಆ ವಂಶದ್ದು. 1940ರ ಆಗಸ್ಟ್‌ನಲ್ಲಿ ಹ್ಯೂಲೆಟ್ ಯಂತ್ರಗಳು ಇದೇ ಹಡಗಿನಿಂದ 13,856 ಟನ್ ಅದಿರನ್ನು 2 ಗಂಟೆ 55 ನಿಮಿಷಗಳಲ್ಲಿ ಇಳಿಸಿದ್ದು ಇಂದಿಗೂ ದಾಖಲೆಯಾಗಿ ಉಳಿದಿದೆ. ಹ್ಯೂಲೆಟ್ ಯಂತ್ರಗಳೇ ಈಗ ಕೆಲಸದಲ್ಲಿಲ್ಲವಾದ್ದರಿಂದ ಆ ದಾಖಲೆಯನ್ನು ಇನ್ನು ಯಾರೂ ಮುರಿಯುವಂತಿಲ್ಲ.

ಈಗ ನಿವೃತ್ತಿಯ ವಿಷಯ. ಅರ್ವಿನ್ ತುಕ್ಕು ಹಿಡಿದು ಹೋದದ್ದಲ್ಲ, ಅದನ್ನು ಸಾಕಿದ ವ್ಯವಸ್ಥೆ ಹೋಯಿತು. ಮೆಸಾಬಿಯ ಒಳ್ಳೆಯ ಅದಿರು ಮುಗಿಯುತ್ತ ಬಂದಾಗ, ಶೇಕಡ 25ರಿಂದ 30ರಷ್ಟೇ ಕಬ್ಬಿಣವಿರುವ ಟ್ಯಾಕೊನೈಟ್ ಎಂಬ ಗಟ್ಟಿ ಕಲ್ಲನ್ನು ನುಣ್ಣಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣದಂಶ ಬೇರ್ಪಡಿಸಿ, ಗೋಲಿಯಷ್ಟು ದೊಡ್ಡ ಪೆಲೆಟ್‌ಗಳನ್ನಾಗಿ ಸುಡುವ ಕ್ರಮ 1950ರ ದಶಕದ ನಡುಭಾಗದಿಂದ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದ ಇ. ಡಬ್ಲ್ಯೂ. ಡೇವಿಸ್ ದಶಕಗಳ ಕಾಲ ಇದರ ಹಿಂದೆ ಬಿದ್ದು ಸಾಧಿಸಿದ ಕೆಲಸವಿದು. ಹಸಿ ಅದಿರು ಜಿಗುಟು, ಚಳಿಗೆ ಹೆಪ್ಪುಗಟ್ಟುತ್ತದೆ, ಬೆಲ್ಟಿನ ಮೇಲೆ ಸಲೀಸಾಗಿ ಹರಿಯುವುದಿಲ್ಲ. ಪೆಲೆಟ್ ಉರುಳುತ್ತದೆ. ಹಾಗಾಗಿ ಹಡಗಿನ ಅಡಿಯಲ್ಲೇ ಕನ್ವೇಯರ್ ಬೆಲ್ಟ್ ಕೂರಿಸಿ, ದಡದ ಯಂತ್ರಗಳ ಹಂಗಿಲ್ಲದೆ ಸರಕನ್ನು ತಾನೇ ಹೊರಹಾಕುವ ಹಡಗುಗಳು ಅದಿರಿನ ವ್ಯಾಪಾರವನ್ನು ಹಿಡಿದವು. ಅದೇ ಹೊತ್ತಿಗೆ, 1960ರ ದಶಕದ ಕೊನೆಯಲ್ಲಿ, 1,200 ಅಡಿ ಉದ್ದ, 110 ಅಡಿ ಅಗಲದ ಹೊಸ ಪೋ ಲಾಕ್ ಸೂ ಸೇಂಟ್ ಮೇರಿಯಲ್ಲಿ ಸಿದ್ಧವಾಯಿತು. 1972ರಲ್ಲಿ ‘ಸ್ಟೂವರ್ಟ್ ಜೆ. ಕಾರ್ಟ್’ ಎಂಬ ಮೊದಲ ಸಾವಿರ ಅಡಿಯ ಹಡಗು ಇಳಿಯಿತು. 1981ರೊಳಗೆ ಅಂಥ 13 ಹಡಗುಗಳಾದವು.

ಲೆಕ್ಕ ನೋಡಿ. ಅರ್ವಿನ್ ಒಂದು ಪ್ರಯಾಣಕ್ಕೆ ಸುಮಾರು 14,000 ಟನ್ ಹೊರುತ್ತಿತ್ತು, ಹೊಸದು ಅದರ ನಾಲ್ಕು ಪಟ್ಟಿಗೂ ಹೆಚ್ಚು ಹೊರುತ್ತದೆ. ಸಿಬ್ಬಂದಿಯ ಸಂಖ್ಯೆ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅರ್ವಿನ್ ಸಂಚಾರ ನಿಲ್ಲಿಸಿದ್ದು 1978ರ ಹಂಗಾಮಿನ ಕೊನೆಗೆ. ಅದರ ಒಡೆಯರಾದ ಯು. ಎಸ್. ಸ್ಟೀಲ್‌ನವರ ಸಾವಿರ ಅಡಿಯ ‘ಎಡ್ವಿನ್ ಎಚ್. ಗಾಟ್’ ದುಡಿಮೆ ಆರಂಭಿಸಿದ್ದು 1979ರ ಮೊದಲ ತಿಂಗಳುಗಳಲ್ಲಿ. ಬೇರೆ ವಿವರಣೆ ಬೇಕಿಲ್ಲ.

ಉತ್ತರ: ಪಣಂಬೂರು ಧಕ್ಕೆ

ಮೇಲಿನ ಉತ್ತರಕ್ಕೆ ಪೂರಕವಾಗಿ ಒಂದೆರಡು ಮಾತು. ಮಂಗಳೂರಿನ ಹಡಗುಗಳಿಗೂ ಅರ್ವಿನ್‌ಗೂ ಇರುವ ವ್ಯತ್ಯಾಸವನ್ನು ಪ್ರಶ್ನೆ ಕೇಳಿದವರು ಸರಿಯಾಗಿಯೇ ಗುರುತಿಸಿದ್ದಾರೆ. ನಮ್ಮ ನವಮಂಗಳೂರು ಬಂದರಿನಲ್ಲಿ ಅದಿರು ತುಂಬುವ ಲೋಡರ್ ಹಳಿಗಳ ಮೇಲೆ ಓಡಾಡುತ್ತದೆ. ಹಡಗು ಎಲ್ಲಿದೆಯೋ ಅಲ್ಲಿಗೆ ಯಂತ್ರವೇ ಹೋಗಿ ತನ್ನ ಬೂಮನ್ನು ಚಾಚುವುದರಿಂದ ಹಡಗು ಕಟ್ಟುವವನು ಹ್ಯಾಚುಗಳ ಅಂತರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದ್ದರಿಂದಲೇ ಸಮುದ್ರದ ಬಲ್ಕ್ ಹಡಗುಗಳಲ್ಲಿ ಕೆಲವೇ ದೊಡ್ಡ ಹ್ಯಾಚುಗಳಿರುತ್ತವೆ. ಡುಲುತ್‌ನಲ್ಲಿ ಯಂತ್ರ ಅಚಲ, ಆದ್ದರಿಂದ ಸಣ್ಣ ಸಣ್ಣ ಹ್ಯಾಚುಗಳ ಉದ್ದನೆಯ ಸಾಲು.

ಪೆಲೆಟ್ ವಿಚಾರದಲ್ಲಿ ಕನ್ನಡಿಗರಿಗೆ ಈ ಕಥೆ ತೀರಾ ಹೊರಗಿನದಲ್ಲ. ಕುದುರೆಮುಖದ ಅದಿರೂ ಟ್ಯಾಕೊನೈಟಿನಂತೆ ಕಡಿಮೆ ದರ್ಜೆಯ ಮ್ಯಾಗ್ನೆಟೈಟ್. ಅದನ್ನೂ ಅರೆದು ಸಾರ ತೆಗೆಯದೆ ಮಾರುವಂತಿರಲಿಲ್ಲ. ಮಿನ್ನೆಸೋಟದವರು ಬೆಟ್ಟದಿಂದ ಸರೋವರಕ್ಕೆ ರೈಲನ್ನು ನೆಚ್ಚಿಕೊಂಡರೆ ಕುದುರೆಮುಖದಲ್ಲಿ ಅರೆದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯ ಮೂಲಕ ಘಟ್ಟ ಇಳಿಸಿ ಪಣಂಬೂರಿಗೆ ತರಲಾಗುತ್ತಿತ್ತು. ಅಲ್ಲಿನ ಪೆಲೆಟ್ ಕಾರ್ಖಾನೆ 1987ರಲ್ಲಿ ಆರಂಭವಾಯಿತು. ಗಣಿಗಾರಿಕೆ 2005ರ ಕೊನೆಯ ದಿನ ನಿಂತಿತು. ಹಸಿ ಅದಿರಿಗೂ ಪೆಲೆಟ್‌ಗೂ ಇರುವ ವ್ಯತ್ಯಾಸ ಕೈಯಲ್ಲಿ ಮುಟ್ಟಿದವರಿಗೆ ಕೂಡಲೇ ತಿಳಿಯುತ್ತದೆ. ಮಳೆಗಾಲದಲ್ಲಿ ನೆನೆದ ಅದಿರಿನ ಪುಡಿ ಬೂಟಿನ ಅಡಿಗೆ ಅಂಟಿ ಒಂದಂಗುಲ ದಪ್ಪ ಕಟ್ಟುತ್ತದೆ, ಸುಟ್ಟ ಪೆಲೆಟ್ಟಿನ ರಾಶಿಯ ಮೇಲೆ ಕಾಲಿಟ್ಟರೆ ಕಾಲೇ ಜಾರುತ್ತದೆ. ತೀರವಾಸಿಗಳು ‘ಪೆಲೆಟ್ ಉರುಳುತ್ತದೆ’ ಎಂದು ಎರಡೇ ಪದಗಳಲ್ಲಿ ಹೇಳಿದ್ದರ ತೂಕ ಇಷ್ಟಿದೆ.

ಆದರೆ ಒಂದು ಸಂದೇಹ. ಅದೇ ಕಂಪನಿಯ ‘ಆರ್ಥರ್ ಎಂ. ಆಂಡರ್ಸನ್’ 1952ರದು, ಅದನ್ನು 1975ರಲ್ಲಿ ನಡುವೆ ಕತ್ತರಿಸಿ 120 ಅಡಿ ಸೇರಿಸಿದರು, 1980ರ ದಶಕದ ಆರಂಭದಲ್ಲಿ ಬೆಲ್ಟನ್ನೂ ಕೂರಿಸಿದರು. ಅರ್ವಿನ್‌ಗೂ ಹಾಗೆ ಮಾಡಬಹುದಿತ್ತಲ್ಲವೇ?

ಉತ್ತರ: ಸುಪೀರಿಯರ್ ತೀರವಾಸಿ

ಒಳ್ಳೆಯ ಪ್ರಶ್ನೆ. ಎಂಜಿನ್ ಕೋಣೆಗೆ ಹೋದವರಿಗೆ ಕಾರಣ ಊಹಿಸಲು ಕಷ್ಟವಾಗದು. ಅರ್ವಿನ್‌ನ ಉಗಿ ಟರ್ಬೈನಿನ ಶಕ್ತಿ 2,000 ಅಶ್ವಶಕ್ತಿ, ಆಂಡರ್ಸನ್‌ನದು 7,000. ಯುದ್ಧಪೂರ್ವದ ಆ ಪುಟ್ಟ ಎಂಜಿನ್ನಿಗೆ ಇನ್ನಷ್ಟು ಉದ್ದದ ಹಡಗನ್ನು ಎಳೆಯುವ ತಾಕತ್ತಿರಲಿಲ್ಲ. ಎಂಜಿನ್ನನ್ನೂ ಬದಲಿಸುವುದಾದರೆ ಹೊಸ ಹಡಗನ್ನೇ ಏಕೆ ಕಟ್ಟಬಾರದು ಎಂದು ಲೆಕ್ಕಪತ್ರದವರು ಕೇಳಿದ್ದರೆ ಆಶ್ಚರ್ಯವಿಲ್ಲ.

ಒಡೆಯರು ಬದಲಾಗಿ ಕೆಲಸವೂ ಬದಲಾದರೆ ಹಳೆಯ ಹಡಗು ಬದುಕುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಇದೇ ಕಂಪನಿ 1942ರಲ್ಲಿ ಪಡೆದ ‘ಲಿಯಾನ್ ಫ್ರೇಜರ್’ ಹಡಗನ್ನು ಮುಂದೆ ಕೊಂಡವರು ಉದ್ದ ಹೆಚ್ಚಿಸುವ ಬದಲು 120 ಅಡಿ ಕಡಿಮೆ ಮಾಡಿ, ‘ಅಲ್ಪೆನಾ’ ಎಂಬ ಹೆಸರಿಟ್ಟು 1991ರಿಂದ ಸಿಮೆಂಟ್ ಸಾಗಿಸಲು ಹಚ್ಚಿದರು. 1906ರ ಇನ್ನೊಂದು ಸಿಮೆಂಟ್ ಹಡಗು ‘ಸೇಂಟ್ ಮೇರೀಸ್ ಚಾಲೆಂಜರ್’ 2013ರವರೆಗೆ ಸ್ವಂತ ಬಲದ ಮೇಲೆ ಓಡಾಡಿತು. ಸಿಹಿನೀರು ಬಾಳಿಕೆಯನ್ನು ಕೊಡುತ್ತದೆ, ಕೆಲಸವನ್ನು ಕೊಡುವುದಿಲ್ಲ. ಅರ್ವಿನ್‌ನ ಮೂವರು ಸೋದರಿ ಹಡಗುಗಳಾದ ‘ಗವರ್ನರ್ ಮಿಲ್ಲರ್’, ‘ಜಾನ್ ಹುಲ್ಸ್ಟ್’ ಮತ್ತು ‘ರಾಲ್ಫ್ ಎಚ್. ವಾಟ್ಸನ್’ ಗುಜರಿಗೆ ಹೋದವು.

ಮರುಪ್ರಶ್ನೆ: ಮಲ್ಲೇಶ್ವರದ ಓದುಗ

ಇಷ್ಟು ವಿವರವಾಗಿ ಬರೆದ ಇಬ್ಬರಿಗೂ ವಂದನೆಗಳು. ಒಡಲಿನ ಓರೆ ಗೋಡೆಗಳನ್ನು ನೋಡಿಯೂ ಅವುಗಳ ಉದ್ದೇಶ ನನಗೆ ಹೊಳೆದಿರಲಿಲ್ಲ. ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಸೋದರಿ ಹಡಗುಗಳೆಲ್ಲ ಗುಜರಿಗೆ ಹೋದಾಗ ಇದೊಂದು ಉಳಿದದ್ದು ಹೇಗೆ, ಇದರ ಖರ್ಚು ಯಾರದು ಎಂಬುದನ್ನೂ ತಿಳಿಯುವ ಕುತೂಹಲವಿದೆ.

ಉತ್ತರ: ಈರಿ ದಂಡೆಯ ಕನ್ನಡಿಗ

ಕ್ಲೀವ್‌ಲ್ಯಾಂಡ್‌ನಲ್ಲಿ ನೆಲೆಸಿರುವ ನಾನು ಈ ಬಗೆಯ ಹಡಗುಗಳನ್ನು ಹಲವು ವರ್ಷಗಳಿಂದ ನೋಡುತ್ತ ಬಂದವನಾದ್ದರಿಂದ ಮೂರನೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಓದುಗರ ಅಸಮಾಧಾನ ನನಗೆ ಅರ್ಧ ಒಪ್ಪಿಗೆ, ಅರ್ಧ ಒಪ್ಪಿಗೆಯಿಲ್ಲ.

ಅತಿಥಿಗಳ ಕೋಣೆಗಳು ಹಡಗಿನ ಚರಿತ್ರೆಗೆ ಹೊರತಾದ ಅಲಂಕಾರವಲ್ಲ. ಅರ್ವಿನ್ ಎಂಬುದು ಆಗ ಯು. ಎಸ್. ಸ್ಟೀಲ್‌ನ ಅಧ್ಯಕ್ಷರಾಗಿದ್ದವರ ಹೆಸರು. 1937ರ ನವೆಂಬರ್ 10ರಂದು ಓಹಿಯೊದ ಲೊರೇನ್‌ನಲ್ಲಿ ಹಡಗನ್ನು ನೀರಿಗಿಳಿಸಿದಾಗ ಹೆಸರಿಡುವ ಶಾಸ್ತ್ರ ಮಾಡಿದವರು ಅವರ ಪತ್ನಿ. ಕಂಪನಿಯ ದೊಡ್ಡ ಗಿರಾಕಿಗಳನ್ನೂ ಗಣ್ಯರನ್ನೂ ಬೇಸಿಗೆಯಲ್ಲಿ ಇದೇ ಅದಿರು ಹಡಗಿನಲ್ಲಿ ಕೂರಿಸಿಕೊಂಡು ಸರೋವರ ತೋರಿಸುವ ರೂಢಿಯಿತ್ತು, ಅವರಿಗಾಗಿ ಮೂತಿಯ ಕಡೆಗೆ ಮರದ ಹಲಗೆ ಹೊದಿಸಿದ ಕೋಣೆಗಳೂ ಹಿತ್ತಾಳೆಯ ಕಂಬಿಗಳೂ ಬಂದವು. ಆ ಕೋಣೆಗಳನ್ನು ಬಿಟ್ಟುಬಿಟ್ಟರೆ ಉಕ್ಕಿನ ವ್ಯಾಪಾರ ಹೇಗೆ ನಡೆಯುತ್ತಿತ್ತೆಂಬುದರ ಒಂದು ಮುಖವೇ ಮರೆಯಾಗುತ್ತದೆ.

ನಾನು ಒಪ್ಪುವ ಭಾಗ ಬೇರೆ. ಮಾರ್ಗದರ್ಶಕರು ಆ ಕೋಣೆಗಳನ್ನು ತೋರಿಸಿದ ಮೇಲೆ ಖಲಾಸಿಗಳ ಕೋಣೆಗಳನ್ನೂ ಅಷ್ಟೇ ಹೊತ್ತು ತೋರಿಸಬೇಕು. ಇಂಥ ಹಡಗಿನಲ್ಲಿ ಡೆಕ್ಕಿನ ಕೆಲಸಗಾರರ ವಾಸ ಮುಂದೆ, ಎಂಜಿನ್ನಿನವರ ವಾಸ ಹಿಂದೆ, ಅಡುಗೆಮನೆಯೂ ಹಿಂದೆ. ಮುಂಭಾಗದವರು ಮೂರು ಹೊತ್ತಿನ ಊಟಕ್ಕೂ ಹಡಗಿನ ಉದ್ದಕ್ಕೆ ನಡೆದು ಹೋಗಿ ನಡೆದು ಬರಬೇಕು. ನವೆಂಬರಿನ ಬಿರುಗಾಳಿಯಲ್ಲಿ ಅಲೆಗಳು ಡೆಕ್ಕಿನ ಮೇಲೆ ಹಾಯುವಾಗ ಆ ದಾರಿ ಎಂಥದೆಂದು ಯೋಚಿಸಿ. ಅರ್ವಿನ್‌ನಲ್ಲಿ ಡೆಕ್ಕಿನ ಅಡಿಯಲ್ಲಿ, ಹಡಗಿನ ಬದಿಗೆ ಅಂಟಿಕೊಂಡಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಸುರಂಗದಂಥ ಓಣಿಗಳಿವೆ. ಅವು ಆ ದಿನಗಳಲ್ಲಿ ದೊಡ್ಡ ಸೌಲಭ್ಯವೆನಿಸಿದ್ದವು. 1975ರ ನವೆಂಬರ್ 10ರಂದು ಸುಪೀರಿಯರ್‌ನಲ್ಲಿ ‘ಎಡ್ಮಂಡ್ ಫಿಟ್ಸ್‌ಜೆರಾಲ್ಡ್’ 29 ಜನರೊಂದಿಗೆ ಮುಳುಗಿದಾಗ ಅರ್ವಿನ್ ಇನ್ನೂ ಸೇವೆಯಲ್ಲಿತ್ತು. ಫಿಟ್ಸ್‌ಜೆರಾಲ್ಡ್‌ನ ಹಿಂದೆ ಬರುತ್ತಿದ್ದು, ಮತ್ತೆ ಅದೇ ರಾತ್ರಿ ಹುಡುಕಲು ತಿರುಗಿ ಹೋದದ್ದು ಪಣಂಬೂರಿನವರು ಹೆಸರಿಸಿದ ಆಂಡರ್ಸನ್ನೇ.

ಉಳಿದದ್ದು ಹೇಗೆ ಎಂಬುದಕ್ಕೆ ಉತ್ತರ ಸರಳ. ನಿವೃತ್ತಿಯ ಬಳಿಕ ಅದನ್ನು ಕಟ್ಟಿಹಾಕಿದ್ದು ಡುಲುತ್‌ನಲ್ಲೇ. 1986ರಲ್ಲಿ ಅಲ್ಲಿನ ಸಮಾವೇಶ ಭವನದ ಆಡಳಿತ ತನ್ನ ಪಕ್ಕದ ನೀರಿಗೆ ಪ್ರವಾಸಿಗರನ್ನು ಸೆಳೆಯುವ ವಸ್ತುವೊಂದನ್ನು ಹುಡುಕುತ್ತಿದ್ದು, 1,10,000 ಡಾಲರಿಗೆ ಹಡಗನ್ನು ಕೊಂಡಿತು. ಭಾವನೆಗಿಂತ ಹೆಚ್ಚಾಗಿ ವ್ಯವಹಾರವೇ ಅದನ್ನು ಉಳಿಸಿತು ಎಂದು ನನ್ನ ಅಭಿಪ್ರಾಯ, ಅದರಲ್ಲಿ ತಪ್ಪೂ ಕಾಣುವುದಿಲ್ಲ. ದೆವ್ವದ ಮನೆಯ ಟಿಕೆಟ್ಟಿನ ಬಗ್ಗೆಯೂ ನನ್ನದು ಅದೇ ನಿಲುವು. ಬಣ್ಣ ಬಳಿಯುವವನ ಕೂಲಿ ಎಲ್ಲಿಂದಲಾದರೂ ಬರಬೇಕು.

ಹಾಗೆ ಬಾರದಿದ್ದರೆ ಏನಾಗುತ್ತದೆಂಬುದಕ್ಕೆ ಡುಲುತ್‌ನ ಎದುರಿನ ಸುಪೀರಿಯರ್ ಪಟ್ಟಣದಲ್ಲೇ ‘ಜೆ. ಬಿ. ಫೋರ್ಡ್’ ಇತ್ತು. 1904ರಲ್ಲಿ ಕಟ್ಟಿದ, 1905 ಮತ್ತು 1913ರ ಘೋರ ಬಿರುಗಾಳಿಗಳನ್ನು ಹಾಯ್ದು ಬಂದ ಹಡಗು. ಚರಿತ್ರೆಯ ದೃಷ್ಟಿಯಿಂದ ಅರ್ವಿನ್‌ಗಿಂತ ಅಪರೂಪದ್ದು, ಹಳೆಯ ಉಗಿ ಎಂಜಿನ್ ಒಳಗೇ ಇತ್ತು. ಉಳಿಸಿಕೊಳ್ಳಬೇಕೆಂದು ಅಭಿಮಾನಿಗಳು ಬಹಳ ಓಡಾಡಿದರು. ಬೇಕಾದ ಹಣ ಕೂಡಲಿಲ್ಲ, 2015ರಲ್ಲಿ ಅದನ್ನು ಒಡೆದು ಹಾಕಿದರು. ದೆವ್ವದ ವೇಷ ತೊಟ್ಟಾದರೂ ಅದು ಬದುಕಿದ್ದರೆ ನನಗೆ ಸಂತೋಷವಾಗುತ್ತಿತ್ತು.

ಉತ್ತರ: ಸುಪೀರಿಯರ್ ತೀರವಾಸಿ

ಖರ್ಚಿನ ಮಾತು ಬಂದದ್ದರಿಂದ 2018ರ ಸ್ಥಳಾಂತರದ ಬಗ್ಗೆ ಬರೆಯಲೇಬೇಕು. ಹಡಗು ನಿಂತಿರುವುದು ಮಿನ್ನೆಸೋಟ ಸ್ಲಿಪ್ ಎಂಬ, ಬಂದರಿನಿಂದ ಒಳಕ್ಕೆ ಚಾಚಿದ ಕಿರಿದಾದ ನೀರಿನ ಓಣಿಯಲ್ಲಿ. ಹಡಗು ಬಂದು ನಿಂತ ಮೇಲೆ ಆ ಓಣಿಯ ಬಾಯಿಗೆ ಪಾದಚಾರಿಗಳಿಗಾಗಿ ಎತ್ತುಸೇತುವೆಯೊಂದನ್ನು ಕಟ್ಟಿದರು. ಎಂದಾದರೂ ಹಡಗನ್ನು ಹೊರಗೆ ತೆಗೆಯಬೇಕಾದರೆ 60 ಅಡಿ ಅಗಲದ ಅರ್ವಿನ್ ಅದರ ಸಂದಿಯಲ್ಲೇ ಹಾಯಬೇಕು, ಎರಡೂ ಬದಿಗೆ ಉಳಿಯುವುದು ಕೆಲವೇ ಅಂಗುಲ. ಓಣಿಯ ತಳದಲ್ಲಿ ಹಳೆಯ ಕೈಗಾರಿಕೆಗಳ ಕಾಲದ ವಿಷಭರಿತ ಹೂಳು ಸೇರಿತ್ತು, ದಡದ ಗೋಡೆಯೂ ದುರಸ್ತಿಗೆ ಬಂದಿತ್ತು. ಹೂಳನ್ನು ಶುದ್ಧ ಮಣ್ಣಿನ ಪದರದಿಂದ ಮುಚ್ಚಬೇಕಾದರೆ ಹಡಗು ಅಲ್ಲಿರುವಂತಿರಲಿಲ್ಲ.

2018ರ ಸೆಪ್ಟೆಂಬರಿನಲ್ಲಿ ಟಗ್ ದೋಣಿಗಳು ಅದನ್ನು ಆ ಸಂದಿಯಿಂದ ಹೊರಗೆ ಎಳೆದಾಗ ದಡದಲ್ಲಿ ಜನ ಜಾತ್ರೆ ಸೇರಿದ್ದರು. ಒಂದೆಡೆ ಒತ್ತಿದರೆ ಸೇತುವೆಯ ಕಟ್ಟೆಗೆ ತಾಗುತ್ತದೆ, ಇನ್ನೊಂದೆಡೆ ಸಡಿಲ ಬಿಟ್ಟರೂ ತಾಗುತ್ತದೆ. ಎಂಜಿನ್ನಿಗೆ ಜೀವವಿಲ್ಲದ 610 ಅಡಿಯ ಹಡಗು ತನ್ನಷ್ಟಕ್ಕೆ ತಾನು ನೆರವಾಗುವಂತೆಯೂ ಇಲ್ಲ. ಹಗ್ಗಗಳ ಮೇಲೆ ನಿಗಾ ಇಟ್ಟು, ಗಾಳಿ ಇಳಿಯುವುದನ್ನು ಕಾದು, ಬಹಳ ನಿಧಾನವಾಗಿ ಹೊರಗೆ ತಂದರು. ಆಮೇಲೆ ಎದುರಿನ ಫ್ರೇಜರ್ ಹಡಗುಕಟ್ಟೆಯಲ್ಲಿ, ನೀರು ಬಸಿದು ಹಡಗನ್ನು ದುರಸ್ತಿ ಮಾಡುವ ಡ್ರೈ ಡಾಕ್‌ನಲ್ಲಿ ತಳವನ್ನು ಕೆರೆದು ಬಣ್ಣ ಬಳಿದರು. 2019ರ ಅಕ್ಟೋಬರಿನಲ್ಲಿ ಹಡಗು ಮತ್ತೆ ಅದೇ ಸಂದಿಯ ಮೂಲಕ ತನ್ನ ಜಾಗಕ್ಕೆ ಬಂತು. ಕೋವಿಡ್ ಅಡ್ಡ ಬಂದು ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 2021ರಲ್ಲಿ.

ಸಿಹಿನೀರಿನ ಬಾಳಿಕೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ನಿಂತ ಹಡಗಿನ ಕಷ್ಟ ಬೇರೆಯೇ. ಓಡುವ ಹಡಗನ್ನು ನಿಯಮದ ಪ್ರಕಾರ ಕೆಲವು ವರ್ಷಗಳಿಗೊಮ್ಮೆ ಡಾಕ್‌ಗೆ ಹತ್ತಿಸಿ ತಪಾಸಣೆ ಮಾಡುತ್ತಾರೆ. ನಿಂತದ್ದನ್ನು ಮುಟ್ಟುವವರಿಲ್ಲ. ನೀರೂ ಗಾಳಿಯೂ ಸೇರುವ ಗೆರೆಯಲ್ಲಿ ಚಳಿಗಾಲದ ಮಂಜುಗಡ್ಡೆ ಉಜ್ಜಿ ಬಣ್ಣ ಕೀಳುತ್ತದೆ. ಡೆಕ್ಕಿನ ಮೇಲೆ ನಿಂತ ಮಳೆನೀರು ಹ್ಯಾಚಿನ ಅಂಚುಗಳಿಂದ ಒಳಗಿಳಿಯುತ್ತದೆ. ಮುಂದಿನ ಸಲ ಹೋದಾಗ ಹಿತ್ತಾಳೆಯ ಕಂಬಿಗಳನ್ನು ಬಿಟ್ಟು ಹ್ಯಾಚುಗಳ ಅಂಚನ್ನು ನೋಡಿ. ಹಡಗಿನ ಆರೋಗ್ಯ ತಿಳಿಯುವುದು ಅಲ್ಲಿ.

ಮರುಪ್ರಶ್ನೆ: ಮಲ್ಲೇಶ್ವರದ ಓದುಗ

ದೆವ್ವದ ಮನೆಯ ಬಗ್ಗೆ ನನಗಿನ್ನೂ ಪೂರ್ತಿ ಸಮಾಧಾನವಿಲ್ಲವಾದರೂ ಜೆ. ಬಿ. ಫೋರ್ಡ್‌ನ ಉದಾಹರಣೆಗೆ ಎದುರಾಡುವುದು ಕಷ್ಟ. ಅಕ್ಟೋಬರಿನವರೆಗೆ ಈ ದೇಶದಲ್ಲಿರುತ್ತೇನೆ, ಅಳಿಯನಿಗೆ ಕ್ಲೀವ್‌ಲ್ಯಾಂಡ್ ಕಡೆ ಕೆಲಸವೂ ಇದೆ. ಇದೇ ಬಗೆಯ ಬೇರೆ ಹಡಗುಗಳಲ್ಲಿ ಯಾವುದನ್ನು ನೋಡಬೇಕು?

ಉತ್ತರ: ಈರಿ ದಂಡೆಯ ಕನ್ನಡಿಗ

ಕ್ಲೀವ್‌ಲ್ಯಾಂಡಿಗೆ ಬರುವುದಾದರೆ ವಿಜ್ಞಾನ ಕೇಂದ್ರದ ಪಕ್ಕದಲ್ಲಿ ನಿಂತಿರುವ ‘ವಿಲಿಯಂ ಜಿ. ಮ್ಯಾಥರ್’ ನೋಡಿ. 1925ರ ಹಡಗು, 618 ಅಡಿ, ಕ್ಲೀವ್‌ಲ್ಯಾಂಡ್ ಕ್ಲಿಫ್ಸ್ ಕಂಪನಿಯ ಪ್ರಧಾನ ಹಡಗಾಗಿದ್ದದ್ದು. ಮೇಲಿನ ಚರ್ಚೆಯ ಹಿನ್ನೆಲೆಯಲ್ಲಿ ಇದನ್ನು ನೋಡಿದರೆ ಹೆಚ್ಚು ಲಾಭ, ಏಕೆಂದರೆ ಅರ್ವಿನ್ ಹುಟ್ಟಿದಂತೆಯೇ ನಿವೃತ್ತಿಯಾದರೆ ಮ್ಯಾಥರ್ ಕಾಲಕ್ಕೆ ತಕ್ಕಂತೆ ಬದಲಾಗುತ್ತ ಹೋಯಿತು. 1946ರಲ್ಲಿ ರೇಡಾರ್ ಪಡೆದ ಮೊದಲ ಕೆಲವು ಸರೋವರ ಹಡಗುಗಳಲ್ಲಿ ಇದೂ ಒಂದು. 1954ರಲ್ಲಿ ಕಲ್ಲಿದ್ದಲು ಹೋಗಿ ತೈಲ ಬಂತು, ಹಳೆಯ ಎಂಜಿನ್ ಹೋಗಿ ಟರ್ಬೈನ್ ಬಂತು. 1964ರಲ್ಲಿ ಬಾಯ್ಲರ್‌ಗಳನ್ನು ಸ್ವಯಂಚಾಲಿತಗೊಳಿಸಿದರು. ಇಷ್ಟೆಲ್ಲ ಮಾಡಿದರೂ 1980ರಲ್ಲಿ ಅದೂ ನಿಂತಿತು, ಕಾರಣವನ್ನು ತೀರವಾಸಿಗಳು ಆಗಲೇ ಬರೆದಿದ್ದಾರೆ. 1941ರಲ್ಲಿ ಯುದ್ಧದ ಉಕ್ಕಿನ ಅವಸರಕ್ಕೆ 13 ಹಡಗುಗಳ ಸಾಲನ್ನು ಹಿಮಗಡ್ಡೆ ಸೀಳಿಕೊಂಡು ಡುಲುತ್‌ಗೆ ಮುನ್ನಡೆಸಿದ್ದು ಅದರ ದೊಡ್ಡ ಹೆಗ್ಗಳಿಕೆ.

ಎರಡು ಗಂಟೆ ದೂರದ ಟೊಲಿಡೊದಲ್ಲಿ 1911ರ ‘ಕರ್ನಲ್ ಜೇಮ್ಸ್ ಎಂ. ಸ್ಕೂನ್‌ಮೇಕರ್’ ಇದೆ. ಕಟ್ಟಿದ ಕಾಲಕ್ಕೆ ಜಗತ್ತಿನ ಅತಿದೊಡ್ಡ ಬಲ್ಕ್ ಹಡಗು. ಸೂ ಸೇಂಟ್ ಮೇರಿಗೆ ಹೋಗುವ ಅವಕಾಶ ಸಿಕ್ಕರೆ ಮಾತ್ರ ಇವೆರಡನ್ನೂ ಬಿಟ್ಟು 1917ರ ‘ವ್ಯಾಲಿ ಕ್ಯಾಂಪ್’ ನೋಡಿ ಎನ್ನುತ್ತೇನೆ. ಅದರ ಒಡಲನ್ನೇ ಸಂಗ್ರಹಾಲಯ ಮಾಡಿದ್ದಾರೆ. ಫಿಟ್ಸ್‌ಜೆರಾಲ್ಡ್‌ನ ಎರಡು ಜೀವರಕ್ಷಕ ದೋಣಿಗಳು ಅಲ್ಲಿವೆ, ಅದರಲ್ಲೊಂದರ ತಗಡು ಕಾಗದದಂತೆ ಹರಿದು ಹೋಗಿದೆ. ಹತ್ತಿರದಲ್ಲೇ ಲಾಕ್‌ಗಳು, ಅಲ್ಲಿ ನಿಂತರೆ ಸಾವಿರ ಅಡಿಯ ಹಡಗೊಂದು ಪೋ ಲಾಕ್ ಒಳಗೆ ಏರುವುದನ್ನೂ ಇಳಿಯುವುದನ್ನೂ ನೋಡಬಹುದು. ಯಾವುದಕ್ಕೆ ಹೋಗುವುದಾದರೂ ತೆರೆದಿರುವ ದಿನಗಳನ್ನು ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ. ಬೇಸಿಗೆ ಕಳೆದ ಮೇಲೆ ಕೆಲವು ವಾರಾಂತ್ಯಕ್ಕಷ್ಟೇ ಬಾಗಿಲು ತೆಗೆಯುತ್ತವೆ, ಚಳಿಗಾಲದಲ್ಲಿ ಅದೂ ಇಲ್ಲ.